ಒಂದೇ ಸರ್ವರಿನಲ್ಲಿ ಎರಡು ಸಂಘಗಳ ‘ಸದಸ್ಯರು’ ಪಟ್ಟಿ: ಡೊಮೇನನ್ನು ಎಲ್ಲಿ ಬರೆಯಬೇಕು?

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಚಿಕ್ಕ ಕಚೇರಿಯಿಂದ ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರ ಸಂಘವೊಂದಕ್ಕೂ ಗುಳೇದಗುಡ್ಡದ ನೇಕಾರರ ಸಹಕಾರ ಸಂಘವೊಂದಕ್ಕೂ ಮೇಲ್ ಸೇವೆ ಒದಗಿಸುತ್ತಿದ್ದೇವೆ. ಇರುವುದು ಒಂದೇ ಲಿನಕ್ಸ್ ಸರ್ವರ್, ಅದರಲ್ಲಿ ಪತ್ರ ಸ್ವೀಕರಿಸಿ ರವಾನಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶ. ಪದಾಧಿಕಾರಿಗಳ ಖಾತೆಗಳು ಅದೇ ಸರ್ವರಿನ ಯೂನಿಕ್ಸ್ ಖಾತೆಗಳು. ಸಂಘಗಳಿಗೆ ಬೇರೆ ಬೇರೆ ಡೊಮೇನ್ ಇದ್ದರೂ ಎರಡಕ್ಕೂ ‘ಸದಸ್ಯರು’ ಎಂಬ ಹೆಸರಿನ ಮೇಲಿಂಗ್ ಲಿಸ್ಟೇ ಬೇಕು. ಒಂದು ಹೆಸರಿಗೆ ಬಂದ ಪತ್ರ ಯಾರಿಗೆ ಹೋಗಬೇಕೆಂದು ಹೇಳುವ ಅಲಿಯಾಸ್ ಕಡತದಲ್ಲಿ, ಸದಸ್ಯರ ವಿಳಾಸಗಳ ಕಡತವನ್ನು ಸೇರಿಸುವ ‘ಇನ್‌ಕ್ಲೂಡ್’ ಸಾಲು ಬರೆದು ಇದನ್ನು ನಡೆಸುತ್ತಿದ್ದೆವು. ಹೋದ ವಾರ ಒಣದ್ರಾಕ್ಷಿ ದರದ ಪತ್ರ ಬೆಳೆಗಾರರ ಬದಲು ನೇಕಾರರಿಗೆ ಹೋಯಿತು. ಡೊಮೇನ್‌ಗಳನ್ನು ವರ್ಚುವಲ್ ಮಾಡಲು ಹೋದಾಗ ‘ಯೂಸರ್ ಅನ್‌ನೋನ್ ಇನ್ ವರ್ಚುವಲ್ ಅಲಿಯಾಸ್ ಟೇಬಲ್’ ಎಂಬ ಉತ್ತರದೊಂದಿಗೆ ಎಲ್ಲವೂ ವಾಪಸ್ಸಾಯಿತು. ಮೇಲಿಂಗ್ ಲಿಸ್ಟ್ ನಡೆಸುವ ತಂತ್ರಾಂಶವಾದ ಮೇಲ್‌ಮ್ಯಾನ್ ಹಾಕಿದರೆ ಸರಿಹೋದೀತೇ? ಎರಡು ಡೊಮೇನಿಗೆ ಎರಡು ಐಪಿ ಬೇಕೇ?

ಉತ್ತರ: ಕೊನೆಯ ಪ್ರಶ್ನೆಯಲ್ಲಿ ಹಣದ ಮಾತಿರುವುದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಎರಡು ಐಪಿ ಬೇಕಿಲ್ಲ. ಎಷ್ಟೇ ಡೊಮೇನ್‌ಗಳಿದ್ದರೂ ಪತ್ರ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಅವುಗಳ ಎಂಎಕ್ಸ್ ದಾಖಲೆಗಳು ಒಂದೇ ಸರ್ವರಿನ ಹೆಸರನ್ನು ತೋರಿಸಬಹುದು. ಆ ಹೆಸರಿನ ಐಪಿ ತಿಳಿಸುವ ಎ ದಾಖಲೆ, ಐಪಿಯಿಂದ ಹೆಸರು ತಿಳಿಸುವ ಪಿಟಿಆರ್ ದಾಖಲೆ ಮತ್ತು ಪೋಸ್ಟ್‌ಫಿಕ್ಸ್ ಬೇರೆ ಸರ್ವರಿಗೆ ‘ಹೆಲೊ’ ಹೇಳುವಾಗ ಕೊಡುವ ಹೆಸರು ಪರಸ್ಪರ ತಾಳೆಯಾಗಬೇಕು. ಸಂಪರ್ಕವನ್ನು ಗೂಢಲಿಪಿಗೊಳಿಸುವ ಟಿಎಲ್‌ಎಸ್ ಪ್ರಮಾಣಪತ್ರವೂ ಆ ಒಂದು ಹೆಸರಿಗೆ ಇದ್ದರೆ ಸಾಕು. ಎಂಎಕ್ಸ್ ದಾಖಲೆ ಇನ್ನೊಂದು ಹೆಸರಿಗೆ ಬೊಟ್ಟು ಮಾಡುವ ಸಿನೇಮ್ ಒಂದನ್ನು ತೋರಿಸಬಾರದು ಎಂಬ ನಿಯಮವನ್ನು ಮಾತ್ರ ಮರೆಯಬೇಡಿ.

ಮುಂದೆ ಹೋಗುವ ಮೊದಲು ಬರಹದ ರೀತಿಯ ಬಗ್ಗೆ ಒಂದು ಮಾತು. ಓದಲು ಅನುಕೂಲವಾಗಲೆಂದು ವಿಳಾಸಗಳನ್ನೂ ಪೋಸ್ಟ್‌ಫಿಕ್ಸಿನ ನಿಯತಾಂಕಗಳನ್ನೂ ಕನ್ನಡ ಅಕ್ಷರಗಳಲ್ಲಿಯೇ ಬರೆದಿದ್ದೇನೆ. ನಿಮ್ಮ ಕಡತಗಳಲ್ಲಿ ಅವು ರೋಮನ್ ಸಣ್ಣಕ್ಷರಗಳಲ್ಲಿ ಇರಬೇಕು. ಸಂಘಗಳ ನಿಜ ಡೊಮೇನ್ ಬದಲಿಗೆ ದ್ರಾಕ್ಷಿ.ಎಕ್ಸಾಂಪಲ್ ಮತ್ತು ನೇಕಾರ.ಎಕ್ಸಾಂಪಲ್ ಎಂದು ಇಟ್ಟುಕೊಂಡಿದ್ದೇನೆ. ‘ಎಕ್ಸಾಂಪಲ್’ ಎಂಬ ಮೇಲ್ಮಟ್ಟದ ಹೆಸರನ್ನು 1999ರ ಆರ್‌ಎಫ್‌ಸಿ 2606 ಇಂಥ ಉದಾಹರಣೆಗಳಿಗೆಂದೇ ಕಾದಿರಿಸಿದೆ.

ಈಗ ಮೂಲ ದೋಷಕ್ಕೆ ಬರೋಣ. ನೀವು ಎರಡೂ ಡೊಮೇನ್‌ಗಳನ್ನು ಪೋಸ್ಟ್‌ಫಿಕ್ಸಿನ ಮುಖ್ಯ ಸಂರಚನೆಯಿರುವ ಮೇನ್.ಸಿಎಫ್ ಕಡತದ ಮೈಡೆಸ್ಟಿನೇಶನ್ ಸಾಲಿನಲ್ಲಿ ಬರೆದಿದ್ದೀರಿ. ಆ ಸಾಲಿನಲ್ಲಿರುವ ಡೊಮೇನಿಗೆ ಬಂದ ಪತ್ರವನ್ನು ಪೋಸ್ಟ್‌ಫಿಕ್ಸ್ ತನ್ನ ‘ಲೋಕಲ್’ ವಿತರಕನ ಕೈಗೆ ಕೊಡುತ್ತದೆ. ಈ ವಿತರಕ ಅಲಿಯಾಸ್ ಕಡತದಲ್ಲಿ ಹುಡುಕುವಾಗ ಅಟ್ ಚಿಹ್ನೆಯ ಎಡಭಾಗವನ್ನಷ್ಟೇ ನೋಡುತ್ತದೆ, ಬಲಭಾಗದ ಡೊಮೇನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ನಮ್ಮ ಕಡೆ ಹೊಸೂರು ಎಂಬ ಊರು ಎಷ್ಟು ತಾಲ್ಲೂಕುಗಳಲ್ಲಿಲ್ಲ? ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್ ಎಲ್ಲವನ್ನೂ ಹೊಡೆದುಹಾಕಿ ‘ಹೊಸೂರು’ ಎಂಬ ಪದವನ್ನಷ್ಟೇ ಉಳಿಸಿದ ಲಕೋಟೆಯನ್ನು ಅಂಚೆಯವನ ಕೈಗೆ ಕೊಟ್ಟಂತೆ ಇದು. ಅಲಿಯಾಸ್ ಕಡತದಲ್ಲಿ ‘ಸದಸ್ಯರು’ ಎಂಬ ಸಾಲು ಎರಡು ಬಾರಿ ಇದ್ದರೆ, ಕಡತವನ್ನು ಸೂಚಿಗೆ ಏರಿಸುವ ಆಜ್ಞೆ ‘ಡೂಪ್ಲಿಕೇಟ್ ಎಂಟ್ರಿ’ ಎಂಬ ಎಚ್ಚರಿಕೆಯೊಂದನ್ನು ಕೊಟ್ಟು, ಮೊದಲನೆಯದನ್ನು ಉಳಿಸಿಕೊಂಡು, ಎರಡನೆಯದನ್ನು ಬಿಟ್ಟುಬಿಡುತ್ತದೆ. ನಿಮ್ಮ ಕಡತದಲ್ಲಿ ನೇಕಾರರ ಸಾಲು ಮೇಲಿತ್ತೆಂದು ತೋರುತ್ತದೆ. ಅದು ಕೆಳಗಿದ್ದಿದ್ದರೆ ಖಣದ ನೂಲಿನ ಬೆಲೆ ತಿಕೋಟಾದ ತೋಟಗಳಿಗೆ ತಲುಪುತ್ತಿತ್ತು.

ಇದನ್ನು ಸರಿಪಡಿಸುವುದಕ್ಕೆ ಪೋಸ್ಟ್‌ಫಿಕ್ಸ್ ಡೊಮೇನ್‌ಗಳನ್ನು ಹೇಗೆ ವಿಂಗಡಿಸುತ್ತದೆ ಎಂಬುದು ಗೊತ್ತಿರಬೇಕು. ಅದರ ದೃಷ್ಟಿಯಲ್ಲಿ ವಿಳಾಸಗಳಿಗೆ ಐದು ವರ್ಗಗಳಿವೆ. ಮೈಡೆಸ್ಟಿನೇಶನ್ ಸಾಲಿನವು ಲೋಕಲ್ ವರ್ಗ. ವರ್ಚುವಲ್_ಅಲಿಯಾಸ್_ಡೊಮೇನ್ಸ್ ಸಾಲಿನವು ಬರೀ ಮರುವಿಳಾಸದ ವರ್ಗ. ವರ್ಚುವಲ್_ಮೇಲ್‌ಬಾಕ್ಸ್_ಡೊಮೇನ್ಸ್ ಸಾಲಿನವು ಯೂನಿಕ್ಸ್ ಖಾತೆಯಿಲ್ಲದೆಯೂ ಪೆಟ್ಟಿಗೆಯಿರುವ ವರ್ಗ. ರಿಲೇ_ಡೊಮೇನ್ಸ್ ಸಾಲಿನವು ನಾವು ಸ್ವೀಕರಿಸಿ ಇನ್ನೊಂದು ತಂತ್ರಾಂಶಕ್ಕೋ ಯಂತ್ರಕ್ಕೋ ದಾಟಿಸುವ ವರ್ಗ. ಇವು ಯಾವುವೂ ಅಲ್ಲದ ಹೊರಗಿನ ಲೋಕವೆಲ್ಲ ಐದನೆಯದು. ಒಂದು ಡೊಮೇನ್ ಮೊದಲ ನಾಲ್ಕರಲ್ಲಿ ಒಂದೇ ಒಂದು ಸಾಲಿನಲ್ಲಿ ಇರಬೇಕು. ನೀವು ವರ್ಚುವಲ್ ಸಾಲಿಗೆ ಸೇರಿಸುವಾಗ ಮೈಡೆಸ್ಟಿನೇಶನ್ ಸಾಲಿನಿಂದ ತೆಗೆಯಲು ಮರೆತಿದ್ದರೆ, ಎರಡರಲ್ಲೂ ಬರೆಯಬೇಡಿ ಎಂದು ಪೋಸ್ಟ್‌ಫಿಕ್ಸ್ ಲಾಗಿನಲ್ಲಿ ಎಚ್ಚರಿಸಿರುತ್ತದೆ. ಹಾಗೆ ಎಚ್ಚರಿಸಿದ ಮೇಲೂ ಅದು ಕೆಲಸ ನಿಲ್ಲಿಸದೆ ಮುಂದುವರಿಯುವುದರಿಂದ, ಆ ಸಾಲು ಎಷ್ಟೋ ಜನರ ಕಣ್ಣಿಗೆ ಬೀಳುವುದೇ ಇಲ್ಲ.

ವರ್ಚುವಲ್ ಅಲಿಯಾಸ್ ಎಂದರೇನು ಎಂಬುದನ್ನು ಬಾಗಲಕೋಟೆಯವರಿಗೆ ವಿವರಿಸುವುದು ಸುಲಭ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಓಣಿಯ ವಿಳಾಸಕ್ಕೆ ಬರೆದ ಪತ್ರವನ್ನು ನವನಗರದ ಸೆಕ್ಟರಿನ ಮನೆಗೆ ಕಳುಹಿಸಬೇಕಾದರೆ, ಯಾರ ಮನೆ ಯಾವ ಸೆಕ್ಟರಿಗೆ ಹೋಯಿತು ಎಂಬ ಪಟ್ಟಿ ಅಂಚೆ ಕಚೇರಿಯಲ್ಲಿರಬೇಕು. ಹಳೆಯ ಓಣಿಯಲ್ಲಿ ಈಗ ಮನೆಯಿಲ್ಲ, ಆದ್ದರಿಂದ ಆ ಪಟ್ಟಿಯಲ್ಲಿ ಹೆಸರಿಲ್ಲದವರ ಪತ್ರ ಹಿಂದಿರುಗಲೇಬೇಕು. ವರ್ಚುವಲ್ ಅಲಿಯಾಸ್ ಡೊಮೇನ್ ಹೀಗೆಯೇ. ಅಲ್ಲಿ ಯಾವ ಪೆಟ್ಟಿಗೆಯೂ ಇಲ್ಲ, ಮರುವಿಳಾಸದ ಕೋಷ್ಟಕ ಮಾತ್ರ ಇದೆ. ನಿಮ್ಮ ಅಧ್ಯಕ್ಷರ, ಕಾರ್ಯದರ್ಶಿಗಳ ಯೂನಿಕ್ಸ್ ಖಾತೆಗಳು ಸರ್ವರಿನಲ್ಲಿದ್ದರೂ, ಅವರ ಪೂರ್ಣ ವಿಳಾಸಗಳನ್ನು ವರ್ಚುವಲ್ ಕೋಷ್ಟಕದಲ್ಲಿ ಒಂದೊಂದಾಗಿ ಬರೆಯದಿದ್ದರೆ ಆ ಡೊಮೇನಿನ ಮಟ್ಟಿಗೆ ಅವರು ಅಪರಿಚಿತರು. ನಿಮಗೆ ಬಂದ ದೋಷ ಸಂದೇಶಕ್ಕೆ ಇದು ಒಂದು ಕಾರಣ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದದ್ದು, ಮತ್ತು ಪಟ್ಟಿಗಳ ಮಟ್ಟಿಗೆ ನಿಮ್ಮನ್ನು ಕಾಡಿದ್ದು ಅದೇ ಇರಬೇಕು. ವರ್ಚುವಲ್ ಕೋಷ್ಟಕದ ಬಲಭಾಗದಲ್ಲಿ ಡೊಮೇನ್ ಇಲ್ಲದ ಬರಿಯ ಹೆಸರನ್ನು ಬರೆದರೆ ಪೋಸ್ಟ್‌ಫಿಕ್ಸ್ ಅದಕ್ಕೆ ಮೈಆರಿಜಿನ್ ಮೌಲ್ಯವನ್ನು ತಾನೇ ಅಂಟಿಸುತ್ತದೆ. ಸರ್ವರನ್ನು ಮೊದಲು ಸ್ಥಾಪಿಸುವಾಗ ಮೈಆರಿಜಿನ್ ಆಗಿ ದ್ರಾಕ್ಷಿ.ಎಕ್ಸಾಂಪಲ್ ಎಂದು ಕೊಟ್ಟಿದ್ದರೆ, ‘ದ್ರಾಕ್ಷಿ-ಸದಸ್ಯರು’ ಎಂದು ನೀವು ಬರೆದದ್ದು ದ್ರಾಕ್ಷಿ-ಸದಸ್ಯರು@ದ್ರಾಕ್ಷಿ.ಎಕ್ಸಾಂಪಲ್ ಆಗುತ್ತದೆ. ಆ ಡೊಮೇನ್ ಈಗ ವರ್ಚುವಲ್ ಆಗಿರುವುದರಿಂದ ಅದನ್ನು ಮತ್ತೆ ಅದೇ ಕೋಷ್ಟಕದಲ್ಲಿ ಹುಡುಕಲಾಗುತ್ತದೆ, ಸಿಗುವುದಿಲ್ಲ, ಪತ್ರ ವಾಪಸ್ಸಾಗುತ್ತದೆ. ಬಲಭಾಗದಲ್ಲಿಯೂ ಡೊಮೇನನ್ನು ಬಿಡಿಸಿ ಬರೆಯುವುದೇ ಇದಕ್ಕೆ ಪರಿಹಾರ:

ಸದಸ್ಯರು@ದ್ರಾಕ್ಷಿ.ಎಕ್ಸಾಂಪಲ್    ದ್ರಾಕ್ಷಿ-ಸದಸ್ಯರು@ಲೋಕಲ್‌ಹೋಸ್ಟ್
ಸದಸ್ಯರು@ನೇಕಾರ.ಎಕ್ಸಾಂಪಲ್    ನೇಕಾರ-ಸದಸ್ಯರು@ಲೋಕಲ್‌ಹೋಸ್ಟ್

ಮೈಡೆಸ್ಟಿನೇಶನ್ ಸಾಲಿನಲ್ಲಿ ‘ಇದೇ ಯಂತ್ರ’ ಎಂಬರ್ಥದ ಲೋಕಲ್‌ಹೋಸ್ಟ್ ಮತ್ತು ಸರ್ವರಿನ ಸ್ವಂತ ಹೆಸರು ಮಾತ್ರ ಉಳಿಯಲಿ. ಅಲಿಯಾಸ್ ಕಡತದಲ್ಲಿ ದ್ರಾಕ್ಷಿ-ಸದಸ್ಯರು, ನೇಕಾರ-ಸದಸ್ಯರು ಎಂಬ ಎರಡು ಬೇರೆ ಹೆಸರುಗಳಿಗೆ ಅವುಗಳದೇ ಇನ್‌ಕ್ಲೂಡ್ ಸಾಲುಗಳಿರಲಿ. ವರ್ಚುವಲ್ ಕಡತ ತಿದ್ದಿದಾಗ ಪೋಸ್ಟ್‌ಮ್ಯಾಪ್, ಅಲಿಯಾಸ್ ಕಡತ ತಿದ್ದಿದಾಗ ನ್ಯೂಅಲಿಯಾಸಸ್ ಆಜ್ಞೆ ಕೊಡಬೇಕು. ಕೋಷ್ಟಕಗಳು ಇಷ್ಟು ಸುತ್ತುಬಳಸಿರುವುದು ಏಕೆಂದರೆ ಇನ್‌ಕ್ಲೂಡ್ ಸಾಲನ್ನಾಗಲಿ, ಪೈಪ್ ಮಾಡಿ ಆಜ್ಞೆಯೊಂದನ್ನು ಓಡಿಸುವ ಸಾಲನ್ನಾಗಲಿ ವರ್ಚುವಲ್ ಕೋಷ್ಟಕದಲ್ಲಿ ಬರೆಯಲು ಬರುವುದಿಲ್ಲ. ಅದು ವಿಳಾಸದಿಂದ ವಿಳಾಸಕ್ಕೆ ಮಾತ್ರ ದಾರಿ ತೋರುತ್ತದೆ. ಪ್ರತಿ ಡೊಮೇನಿಗೂ ಪೋಸ್ಟ್‌ಮಾಸ್ಟರ್ ವಿಳಾಸದ ಸಾಲೊಂದನ್ನು ಇದೇ ಹೊತ್ತಿನಲ್ಲಿ ಸೇರಿಸಿಬಿಡಿ, ಪತ್ರ ಸಾಗಣೆಯ ಎಸ್‌ಎಂಟಿಪಿ ನಿಯಮದಂತೆ ಅದು ಕಡ್ಡಾಯ.

ಇಷ್ಟು ಮಾಡಿದರೆ ಪತ್ರಗಳು ಅದಲು ಬದಲಾಗುವುದು ಇಂದೇ ನಿಲ್ಲುತ್ತದೆ. ಆದರೆ ಇದನ್ನೇ ಶಾಶ್ವತ ವ್ಯವಸ್ಥೆಯಾಗಿ ಇಟ್ಟುಕೊಳ್ಳಿ ಎಂದು ನಾನು ಹೇಳಲಾರೆ. ಅಲಿಯಾಸ್ ಕಡತದಿಂದ ನಡೆಯುವ ಪಟ್ಟಿಯಲ್ಲಿ ಲಕೋಟೆಯ ಮೇಲಿನ, ಅಂದರೆ ಸರ್ವರ್‌ಗಳು ತಮ್ಮತಮ್ಮೊಳಗೆ ಹೇಳಿಕೊಳ್ಳುವ, ಕಳುಹಿಸಿದವರ ವಿಳಾಸ ಮೂಲ ಲೇಖಕರದ್ದೇ ಆಗಿ ಉಳಿಯುತ್ತದೆ. ಜಮಖಂಡಿಯ ಸದಸ್ಯರೊಬ್ಬರು ತಮ್ಮ ಯಾಹೂ ಖಾತೆಯಿಂದ ಬರೆದ ಪತ್ರವನ್ನು ನಿಮ್ಮ ಸರ್ವರ್ ನೂರು ಜನರಿಗೆ ಹಂಚಿದಾಗ, ಯಾಹೂ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಐಪಿಗಳಿಗೆ ಅನುಮತಿಯಿದೆ ಎಂದು ನೋಡುವ ಎಸ್‌ಪಿಎಫ್ ತಪಾಸಣೆಯಲ್ಲಿ ನಿಮ್ಮ ಐಪಿ ತೇರ್ಗಡೆಯಾಗುವುದಿಲ್ಲ. ಪೆಟ್ಟಿಗೆ ತುಂಬಿದವರಿಂದ ಬರುವ ವಾಪಸ್ಸು ಸಂದೇಶಗಳೂ ಆ ಲೇಖಕರ ತಲೆಗೇ ಬೀಳುತ್ತವೆ. ‘ಓನರ್-’ ಎಂದು ಮೊದಲಾಗುವ ಅಲಿಯಾಸ್ ಒಂದನ್ನು ಸೇರಿಸಿದರೆ ಪೋಸ್ಟ್‌ಫಿಕ್ಸ್ ಲಕೋಟೆಯ ವಿಳಾಸವನ್ನು ಬದಲಿಸುತ್ತದೆ ಎಂಬುದು ನಿಜ. ಆದರೂ ಸೇರುವ, ಬಿಡುವ, ಅನುಮೋದಿಸುವ ಕೆಲಸಗಳೆಲ್ಲ ನಿಮ್ಮ ಕೈಯಲ್ಲಿಯೇ ಉಳಿಯುತ್ತವೆ.

ಆದ್ದರಿಂದ ಮೇಲ್‌ಮ್ಯಾನ್ ಹಾಕುವ ನಿಮ್ಮ ಆಲೋಚನೆ ಸರಿಯಾದದ್ದು, ಆದರೆ ಅದು 3ನೆಯ ಆವೃತ್ತಿಯೇ ಆಗಿರಬೇಕು. ಹಳೆಯ 2.1ರಲ್ಲಿ ಪಟ್ಟಿಗೆ ಹೆಸರೊಂದೇ ಗುರುತು. ಡೊಮೇನ್‌ಗಳು ಬೇರೆಯಾದರೂ ಒಂದೇ ಹೆಸರಿನ ಎರಡು ಪಟ್ಟಿಗಳನ್ನು ಒಂದು ಸ್ಥಾಪನೆಯಲ್ಲಿ ಇಡಲು ಅಲ್ಲಿ ಅವಕಾಶವಿಲ್ಲ, ಅಂದರೆ ನಿಮ್ಮ ತೊಂದರೆ ಹಾಗೆಯೇ ಉಳಿಯುತ್ತದೆ. ಸಾಲದ್ದಕ್ಕೆ ಅದು ಪೈಥಾನ್ 2ನ್ನು ನಂಬಿಕೊಂಡಿದ್ದು, ಆ ಭಾಷೆಯ ಅಧಿಕೃತ ಪೋಷಣೆ 2020ರ ಆರಂಭದಲ್ಲಿಯೇ ಮುಗಿದಿದೆ. 2015ರಲ್ಲಿ ಹೊರಬಂದ ಮೇಲ್‌ಮ್ಯಾನ್ 3 ಪಟ್ಟಿಯನ್ನು ಪೂರ್ಣ ವಿಳಾಸದಿಂದ ಗುರುತಿಸುತ್ತದೆ. ಮಾರ್ಗದರ್ಶಿ ಬರಹಗಳನ್ನು ನೋಡಿಕೊಂಡು ಕೆಲಸ ಮಾಡುವವರು ಅದು ಯಾವ ಆವೃತ್ತಿಯ ಬಗ್ಗೆ ಹೇಳುತ್ತಿದೆ ಎಂದು ಮೊದಲು ಪರೀಕ್ಷಿಸಿಕೊಳ್ಳಬೇಕು. ಪೈಪ್ ಇರುವ ಅಲಿಯಾಸ್ ಸಾಲುಗಳು ಕಂಡರೆ ಅದು ಹಳೆಯದು.

ಪಟ್ಟಿಗಳಿಗೆ ಮುಖ್ಯ ಡೊಮೇನನ್ನು ಬಳಸದೆ ಉಪಡೊಮೇನ್ ಮಾಡಿಕೊಳ್ಳಿ ಎಂಬುದು ನನ್ನ ಖಚಿತ ಸಲಹೆ: ಪಟ್ಟಿ.ದ್ರಾಕ್ಷಿ.ಎಕ್ಸಾಂಪಲ್ ಮತ್ತು ಪಟ್ಟಿ.ನೇಕಾರ.ಎಕ್ಸಾಂಪಲ್. ಹೀಗೆ ಮಾಡಿದರೆ ಯಾವ ಡೊಮೇನ್ ಯಾವ ವರ್ಗ ಎಂಬ ಪ್ರಶ್ನೆಯೇ ಸರಳವಾಗುತ್ತದೆ. ಉಪಡೊಮೇನ್‌ಗಳಲ್ಲಿ ಪಟ್ಟಿಗಳಲ್ಲದೆ ಬೇರೇನೂ ಇರುವುದಿಲ್ಲ, ಅವು ರಿಲೇ_ಡೊಮೇನ್ಸ್ ಸಾಲಿಗೆ ಹೋಗುತ್ತವೆ, ಮುಖ್ಯ ಡೊಮೇನ್‌ಗಳು ಎಲ್ಲಿದ್ದವೋ ಅಲ್ಲಿಯೇ ಇರುತ್ತವೆ. ನಾಳೆ ನೇಕಾರರ ಸಂಘದವರು ಪದಾಧಿಕಾರಿಗಳ ಖಾತೆಗಳನ್ನು ಬೇರೆ ಯಾವುದಾದರೂ ಮೇಲ್ ಸೇವೆಗೆ ಒಯ್ಯಲು ಬಯಸಿದರೆ ಮುಖ್ಯ ಡೊಮೇನಿನ ಎಂಎಕ್ಸ್ ಮಾತ್ರ ಬದಲಾಗುತ್ತದೆ, ಪಟ್ಟಿಗಳಿಗೆ ಅದರ ಗಾಳಿಯೂ ಸೋಕುವುದಿಲ್ಲ. ವಿಳಾಸ ಉದ್ದವಾಯಿತೆಂದು ಸಂಘದವರು ಗೊಣಗಬಹುದು; ಒಮ್ಮೆ ಫೋನಿನಲ್ಲಿ ಉಳಿಸಿಕೊಂಡ ಮೇಲೆ ಯಾರೂ ಅದನ್ನು ಮತ್ತೆ ಬೆರಳಚ್ಚಿಸುವುದಿಲ್ಲ.

ಮೇಲ್‌ಮ್ಯಾನಿನ ಸಂರಚನೆಯಲ್ಲಿ ಒಳಬರುವ ಪತ್ರಗಳಿಗೆ ಪೋಸ್ಟ್‌ಫಿಕ್ಸ್ ಎಂದು ಆರಿಸಿದರೆ, ಪಟ್ಟಿಯೊಂದನ್ನು ಸೃಷ್ಟಿಸಿದಾಗಲೆಲ್ಲ ಅದು ತನ್ನ ದತ್ತಾಂಶದ ಕಡತಕೋಶದಲ್ಲಿ ಎರಡು ಕೋಷ್ಟಕಗಳನ್ನು ಬರೆಯುತ್ತದೆ. ಪೋಸ್ಟ್‌ಫಿಕ್ಸ್_ಎಲ್‌ಎಂಟಿಪಿ ಎಂಬುದರಲ್ಲಿ ಪ್ರತಿ ಪಟ್ಟಿಯ ಎಲ್ಲ ವಿಳಾಸಗಳೂ ಇರುತ್ತವೆ: ಪಟ್ಟಿಯ ಹೆಸರು, ಅದರ ಜೊತೆಗೆ ಬೌನ್ಸಸ್, ಕನ್‌ಫರ್ಮ್, ಜಾಯಿನ್, ಲೀವ್, ಓನರ್, ರಿಕ್ವೆಸ್ಟ್, ಸಬ್‌ಸ್ಕ್ರೈಬ್, ಅನ್‌ಸಬ್‌ಸ್ಕ್ರೈಬ್ ಎಂಬ ಬಾಲಗಳು ಸೇರಿದ ಎಂಟು, ಒಟ್ಟು 9. ಇವಕ್ಕೆಲ್ಲ ಗುರಿ ಅದೇ ಯಂತ್ರದ 8024ನೆಯ ಪೋರ್ಟಿನಲ್ಲಿ ಕೇಳುತ್ತಿರುವ ಮೇಲ್‌ಮ್ಯಾನ್. ಪೋಸ್ಟ್‌ಫಿಕ್ಸ್_ಡೊಮೇನ್ಸ್ ಎಂಬ ಇನ್ನೊಂದರಲ್ಲಿ ಪಟ್ಟಿಗಳಿರುವ ಡೊಮೇನ್‌ಗಳು ಮಾತ್ರ ಇರುತ್ತವೆ. ನೀವು ಮೇನ್.ಸಿಎಫ್ ಕಡತದಲ್ಲಿ, ಯಾವ ವಿಳಾಸದ ಪತ್ರ ಯಾವ ದಾರಿ ಹಿಡಿಯಬೇಕೆಂದು ಹೇಳುವ ಟ್ರಾನ್ಸ್‌ಪೋರ್ಟ್_ಮ್ಯಾಪ್ಸ್ ಸಾಲಿಗೆ ಮೊದಲನೆಯದನ್ನೂ ರಿಲೇ_ಡೊಮೇನ್ಸ್ ಸಾಲಿಗೆ ಎರಡನೆಯದನ್ನೂ ತೋರಿಸಿದರೆ ಮುಂದಿನ ಪಟ್ಟಿಗಳಿಗಾಗಿ ಆ ಕಡತವನ್ನು ಮತ್ತೆ ತೆರೆಯಬೇಕಾಗುವುದಿಲ್ಲ. ಕೋಷ್ಟಕಗಳು ಹಳತಾಗಿವೆ ಎಂದು ಅನುಮಾನ ಬಂದರೆ ‘ಮೇಲ್‌ಮ್ಯಾನ್ ಅಲಿಯಾಸಸ್’ ಆಜ್ಞೆ ಅವನ್ನು ಹೊಸದಾಗಿ ಬರೆಯುತ್ತದೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೇಲ್‌ಮ್ಯಾನಿನ ಕೈಪಿಡಿಯ ಮಾದರಿಯಲ್ಲಿ, ಯಾವ ಲೋಕಲ್ ವಿಳಾಸಗಳು ಇವೆಯೆಂದು ಹೇಳುವ ಲೋಕಲ್_ರೆಸಿಪಿಯೆಂಟ್_ಮ್ಯಾಪ್ಸ್ ಸಾಲಿಗೂ ಅದೇ ಎಲ್‌ಎಂಟಿಪಿ ಕೋಷ್ಟಕವನ್ನು ಕೊಟ್ಟಿರುತ್ತಾರೆ. ಪಟ್ಟಿಗಳು ಲೋಕಲ್ ಡೊಮೇನಿನಲ್ಲಿರುವವರಿಗೆ ಅದು ಬೇಕು. ನಿಮ್ಮಲ್ಲಿ ಯೂನಿಕ್ಸ್ ಖಾತೆಗಳಿವೆ. ಆ ಸಾಲನ್ನು ಹಾಗೆಯೇ ನಕಲು ಮಾಡಿದರೆ ಅದರ ಸಹಜ ಮೌಲ್ಯದಲ್ಲಿದ್ದ ಪಾಸ್‌ವರ್ಡ್ ಕೋಷ್ಟಕವೂ ಅಲಿಯಾಸ್ ಕಡತವೂ ಮಾಯವಾಗಿ, ಸರ್ವರಿನ ಸ್ವಂತ ಬಳಕೆದಾರರೆಲ್ಲರ ಪತ್ರಗಳು ಬಾಗಿಲಲ್ಲಿಯೇ ತಿರಸ್ಕೃತವಾಗುತ್ತವೆ. ಉಪಡೊಮೇನ್ ದಾರಿ ಹಿಡಿದವರು ಆ ಸಾಲನ್ನು ಮುಟ್ಟುವುದೇ ಬೇಡ.

ಮುಟ್ಟಬೇಕಾದದ್ದು ರಿಲೇ_ರೆಸಿಪಿಯೆಂಟ್_ಮ್ಯಾಪ್ಸ್. ಇದನ್ನು ಖಾಲಿ ಬಿಟ್ಟರೆ ರಿಲೇ ಡೊಮೇನಿನ ಯಾವ ವಿಳಾಸಕ್ಕೆ ಬಂದ ಪತ್ರವನ್ನಾದರೂ ಪೋಸ್ಟ್‌ಫಿಕ್ಸ್ ಸ್ವೀಕರಿಸುತ್ತದೆ. ಕೋಷ್ಟಕದಲ್ಲಿಲ್ಲದ ವಿಳಾಸಕ್ಕೆ ದಾರಿ ಕಾಣದೆ ಎಂಎಕ್ಸ್ ಹುಡುಕುತ್ತದೆ, ಎಂಎಕ್ಸ್ ತನ್ನನ್ನೇ ತೋರಿಸುತ್ತದೆ, ‘ಮೇಲ್ ಲೂಪ್ಸ್ ಬ್ಯಾಕ್ ಟು ಮೈಸೆಲ್ಫ್’ ಎಂದು ಗೊಣಗಿ ವಾಪಸ್ಸು ಸಂದೇಶವನ್ನು ಕಳುಹಿಸಿದವರಿಗೆ ಹಾಕುತ್ತದೆ. ಸ್ಪ್ಯಾಮ್ ಪತ್ರಗಳಲ್ಲಿ ಕಳುಹಿಸಿದವರ ವಿಳಾಸ ಸುಳ್ಳಾಗಿರುತ್ತದೆಯಾದ್ದರಿಂದ ಆ ವಾಪಸ್ಸು ಸಂದೇಶಗಳು ಏನೂ ಅರಿಯದ ಮೂರನೆಯವರ ಪೆಟ್ಟಿಗೆಗೆ ಹೋಗಿ ಬೀಳುತ್ತವೆ. ಬೆಳಗಾವಿಯ ಒಂದು ಸಂಸ್ಥೆಯ ಸರ್ವರನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ನಾನೇ ಈ ಒಂದು ಸಾಲನ್ನು ಬಿಟ್ಟಿದ್ದೆ. ನಮ್ಮ ಐಪಿ ಕಪ್ಪುಪಟ್ಟಿಗೆ ಸೇರಿದ ಮೇಲೆ, ನಾವು ಸ್ಪ್ಯಾಮ್ ಕಳುಹಿಸಿಯೇ ಇಲ್ಲವೆಂದು ವಾದಿಸಿಕೊಂಡು ಎರಡು ದಿನ ಲಾಗ್ ಕೆದಕಿದ ನಂತರ ತಪ್ಪು ತಿಳಿಯಿತು. ರಿಲೇ_ರೆಸಿಪಿಯೆಂಟ್_ಮ್ಯಾಪ್ಸ್ ಸಾಲಿಗೂ ಅದೇ ಎಲ್‌ಎಂಟಿಪಿ ಕೋಷ್ಟಕವನ್ನು ತೋರಿಸಿದರೆ ಸಾಕು, ಪಟ್ಟಿಯಲ್ಲಿಲ್ಲದ ವಿಳಾಸಕ್ಕೆ ಬಾಗಿಲಲ್ಲಿಯೇ ‘ಇಲ್ಲ’ ಎನ್ನುತ್ತದೆ. ಈ ಕೋಷ್ಟಕದಲ್ಲಿ ಪೋಸ್ಟ್‌ಮಾಸ್ಟರ್ ಇರುವುದಿಲ್ಲವಾದ್ದರಿಂದ, ಉಪಡೊಮೇನಿನ ಪೋಸ್ಟ್‌ಮಾಸ್ಟರ್ ವಿಳಾಸಕ್ಕೂ ವರ್ಚುವಲ್ ಕೋಷ್ಟಕದಲ್ಲಿ ಒಂದು ಸಾಲು ಬರೆಯಿರಿ. ಆ ಕೋಷ್ಟಕ ಎಲ್ಲ ವರ್ಗದ ಡೊಮೇನ್‌ಗಳಿಗೂ ಅನ್ವಯಿಸುತ್ತದೆ.

ಇದರ ಜೊತೆಗೆ ರೆಸಿಪಿಯೆಂಟ್_ಡಿಲಿಮಿಟರ್ ಎಂಬಲ್ಲಿ ಕೂಡಿಸುವ ಚಿಹ್ನೆಯನ್ನು ಕೊಡಿ. ಯಾವ ಸದಸ್ಯರ ಪೆಟ್ಟಿಗೆಯಿಂದ ಪತ್ರ ವಾಪಸ್ಸಾಯಿತು ಎಂದು ತಿಳಿಯಲು ಮೇಲ್‌ಮ್ಯಾನ್ ‘ಸದಸ್ಯರು-ಬೌನ್ಸಸ್’ ನಂತರ ಆ ಚಿಹ್ನೆಯಿಟ್ಟು ಸದಸ್ಯರ ವಿಳಾಸವನ್ನು ಹೆಣೆದು ಲಕೋಟೆಯ ಮೇಲೆ ಬರೆಯುವುದುಂಟು. ಡಿಲಿಮಿಟರ್ ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಅದನ್ನು ಬೇರೆಯೇ ವಿಳಾಸವೆಂದು ತಿಳಿದು ತಳ್ಳಿಬಿಡುತ್ತದೆ.

ಮುಖ್ಯ ಡೊಮೇನಿನಲ್ಲಿಯೇ ಪಟ್ಟಿ ಇರಬೇಕೆಂದು ಸಂಘದವರು ಹಟ ಹಿಡಿದರೆ, ಮತ್ತು ಆ ಡೊಮೇನ್ ವರ್ಚುವಲ್ ವರ್ಗದಲ್ಲಿದ್ದರೆ, ಅದನ್ನು ರಿಲೇ ಸಾಲಿಗೆ ಸೇರಿಸುವಂತಿಲ್ಲ. ಅದಕ್ಕಾಗಿ ಮೇಲ್‌ಮ್ಯಾನ್ 3ರಲ್ಲಿ ಡೊಮೇನಿಗೆ ‘ಅಲಿಯಾಸ್ ಡೊಮೇನ್’ ಎಂಬ ಗುಣವಿದೆ. ಡೊಮೇನ್ ದಾಖಲೆಗಳ ವ್ಯವಸ್ಥೆಯಾದ ಡಿಎನ್‌ಎಸ್‌ನಲ್ಲಿ ಇಲ್ಲದ ಕಲ್ಪಿತ ಹೆಸರೊಂದನ್ನು ಅಲ್ಲಿ ಕೊಟ್ಟರೆ, ಪೋಸ್ಟ್‌ಫಿಕ್ಸ್_ವಿಮ್ಯಾಪ್ ಎಂಬ ಮೂರನೆಯ ಕೋಷ್ಟಕ ಹುಟ್ಟುತ್ತದೆ. ಅದನ್ನು ವರ್ಚುವಲ್_ಅಲಿಯಾಸ್_ಮ್ಯಾಪ್ಸ್ ಸಾಲಿಗೆ ಸೇರಿಸಿದರೆ ಪತ್ರಗಳು ಕಲ್ಪಿತ ಹೆಸರಿನ ಮೂಲಕ ಮೇಲ್‌ಮ್ಯಾನ್ ತಲುಪುತ್ತವೆ. ಕೆಲಸವೇನೋ ಆಗುತ್ತದೆ, ಆದರೆ ನಿಮ್ಮ ನಂತರ ಈ ಸರ್ವರನ್ನು ನೋಡಿಕೊಳ್ಳುವವರಿಗೆ ಅರ್ಥವಾಗಲು ಅರ್ಧ ದಿನ ಬೇಕಾಗುತ್ತದೆ.

ಜಾಲತಾಣದ ಕಡೆಯ ಕೆಲಸ ಕಡಿಮೆ. ಮೇಲ್‌ಮ್ಯಾನಿನ ಆಡಳಿತಕ್ಕಿರುವ ಪೋಸ್ಟೋರಿಯಸ್ ಪುಟದಲ್ಲಿ ಎರಡು ಉಪಡೊಮೇನ್‌ಗಳನ್ನೂ ಸೇರಿಸಿ. ಎರಡಕ್ಕೂ ಒಂದೇ ಜಾಲ ವಿಳಾಸ ಸಾಕು.

ಡಿಎನ್‌ಎಸ್ ವಿಷಯದಲ್ಲಿ ಒಂದು ಭ್ರಮೆಯನ್ನು ತೆಗೆದುಹಾಕಬೇಕು. ಮುಖ್ಯ ಡೊಮೇನಿನ ಎಸ್‌ಪಿಎಫ್ ದಾಖಲೆ ಉಪಡೊಮೇನಿಗೆ ಅನ್ವಯಿಸುವುದಿಲ್ಲ. ತಪಾಸಣೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ನೀತಿ ಹಾಗಲ್ಲ, ಉಪಡೊಮೇನಿಗೆ ಸ್ವಂತ ದಾಖಲೆಯಿಲ್ಲದಿದ್ದರೆ ಮೇಲಿನದೇ ಇಳಿದು ಬರುತ್ತದೆ. ಹಾಗಾಗಿ ಮುಖ್ಯ ಡೊಮೇನಿಗೆ ಕಟ್ಟುನಿಟ್ಟಿನ ಡಿಮಾರ್ಕ್ ಹಾಕಿ, ಉಪಡೊಮೇನಿಗೆ ಎಸ್‌ಪಿಎಫ್ ಹಾಗೂ ಪತ್ರದ ಡಿಜಿಟಲ್ ಸಹಿಯಾದ ಡಿಕಿಮ್ ಎರಡನ್ನೂ ಮರೆತರೆ ನಿಮ್ಮ ಪಟ್ಟಿಯ ಪತ್ರಗಳನ್ನು ನೀವೇ ತಿರಸ್ಕರಿಸಲು ಹೇಳಿದಂತಾಗುತ್ತದೆ. ಎಂಎಕ್ಸ್ ಆಗಿರುವ ಯಂತ್ರಕ್ಕೆ ಮಾತ್ರ ಅನುಮತಿ ಎಂಬ ಒಂದು ಸಾಲಿನ ಎಸ್‌ಪಿಎಫ್ ಎರಡೂ ಉಪಡೊಮೇನ್‌ಗಳಿಗೆ ಸಾಕು, ಏಕೆಂದರೆ ಮೇಲ್‌ಮ್ಯಾನ್ ಕಳುಹಿಸುವ ಲಕೋಟೆಗಳ ಮೇಲೆ ಪಟ್ಟಿಯದೇ ಬೌನ್ಸಸ್ ವಿಳಾಸವಿರುತ್ತದೆ.

ಉಳಿದದ್ದು ಪತ್ರದೊಳಗಿನ ‘ಫ್ರಮ್’ ಸಾಲು. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನೀತಿಯನ್ನು ‘ರಿಜೆಕ್ಟ್’ ಎಂದು ಬದಲಿಸಿದಾಗ ಲೋಕದ ಪಟ್ಟಿಗಳೆಲ್ಲ ಒಮ್ಮೆ ತತ್ತರಿಸಿದ್ದವು. ವಿಷಯದ ಸಾಲಿಗೆ ಪಟ್ಟಿಯ ಹೆಸರು ಸೇರಿಸಿದರೆ, ಕೊನೆಗೆ ಅಡಿಟಿಪ್ಪಣಿ ಹಚ್ಚಿದರೆ, ಮೂಲ ಡಿಕಿಮ್ ಸಹಿ ಮುರಿಯುತ್ತದೆ. ಎಸ್‌ಪಿಎಫ್ ಪಟ್ಟಿಯ ಡೊಮೇನಿಗೆ ಸರಿಹೊಂದಿದರೂ ಲೇಖಕರ ಡೊಮೇನಿಗೆ ಹೊಂದುವುದಿಲ್ಲ. ಮೇಲ್‌ಮ್ಯಾನಿನ ಡಿಮಾರ್ಕ್ ತಗ್ಗಿಸುವಿಕೆಯ ಆಯ್ಕೆಗಳಲ್ಲಿ ‘ಫ್ರಮ್’ ಬದಲಿಸುವುದನ್ನು ಆರಿಸಿಕೊಳ್ಳಿ. ಆಗ ಪತ್ರವು ಪಟ್ಟಿಯ ಮೂಲಕ ಇಂಥವರಿಂದ ಎಂದು ತೋರಿ, ವಿಳಾಸ ಪಟ್ಟಿಯದ್ದಾಗುತ್ತದೆ, ಮತ್ತು ಫ್ರಮ್ ಸಾಲಿನ ಡೊಮೇನ್ ನೋಡಿ ಸಹಿ ಹಾಕುವ ಓಪನ್‌ಡಿಕಿಮ್ ನಿಮ್ಮ ಉಪಡೊಮೇನಿನ ಕೀಲಿಯಿಂದಲೇ ಸಹಿ ಹಾಕುತ್ತದೆ. ಎರಡೂ ಉಪಡೊಮೇನ್‌ಗಳಿಗೆ ಬೇರೆ ಬೇರೆ ಕೀಲಿಗಳಿರಲಿ. ಜಿಮೇಲ್ 2024ರ ಫೆಬ್ರುವರಿಯಿಂದ ಸಣ್ಣ ಕಳುಹಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಮತ್ತು ಸರಿಯಾದ ಪಿಟಿಆರ್ ಬೇಕೆನ್ನುತ್ತದೆ. ದಿನಕ್ಕೆ 5000ಕ್ಕೂ ಮೀರಿದ ಪತ್ರಗಳ ಮೇಲಿನ ಕಠಿಣ ನಿಯಮಗಳು ನಿಮ್ಮ ಸಂಘಗಳ ತನಕ ಬರಲಾರವು.

ಹಳೆಯ ವಿಳಾಸಕ್ಕೆ ಬರೆಯುವವರು ಕೆಲಕಾಲ ಇದ್ದೇ ಇರುತ್ತಾರೆ. ಮೇಲಿನ ಎರಡು ವರ್ಚುವಲ್ ಸಾಲುಗಳ ಬಲಭಾಗವನ್ನು ಆಗ ಹೊಸ ಉಪಡೊಮೇನಿನ ವಿಳಾಸಗಳಿಗೆ ತಿರುಗಿಸಿ. ಆದರೆ ಪತ್ರದ ‘ಟು’ ಸಾಲಿನಲ್ಲಿ ಹಳೆಯ ವಿಳಾಸವೇ ಇರುವುದರಿಂದ ಮೇಲ್‌ಮ್ಯಾನ್ ಅದನ್ನು ತನ್ನನ್ನು ಉದ್ದೇಶಿಸಿ ಬರೆದದ್ದಲ್ಲವೆಂದು ಅನುಮೋದನೆಗೆ ತಡೆದಿಡುತ್ತದೆ. ಪಟ್ಟಿಯ ಸಂರಚನೆಯಲ್ಲಿ ‘ಒಪ್ಪಬಹುದಾದ ಅಲಿಯಾಸ್’ ಎಂಬಲ್ಲಿ ಹಳೆಯ ವಿಳಾಸವನ್ನು ಬರೆದರೆ ಈ ತಡೆ ತಪ್ಪುತ್ತದೆ.

ಬದಲಾವಣೆಗೆ ಒಂದು ದಿನ ಮುಂಚೆ ಡಿಎನ್‌ಎಸ್ ದಾಖಲೆಗಳ ಟಿಟಿಎಲ್ ಅನ್ನು (ಬೇರೆ ಸರ್ವರ್‌ಗಳು ದಾಖಲೆಯನ್ನು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿಕೊಳ್ಳಿ. ಪೋಸ್ಟ್‌ಮ್ಯಾಪ್ ಆಜ್ಞೆಗೆ ಕ್ಯೂ ಆಯ್ಕೆ ಕೊಟ್ಟು ಎರಡೂ ‘ಸದಸ್ಯರು’ ವಿಳಾಸಗಳನ್ನು ಎಲ್‌ಎಂಟಿಪಿ ಕೋಷ್ಟಕದಲ್ಲಿ ಕೇಳಿ ನೋಡಿ, ಇಲ್ಲದ ವಿಳಾಸವೊಂದನ್ನೂ ಕೇಳಿ, ಅದಕ್ಕೆ ಉತ್ತರ ಬರಬಾರದು. ಸೆಂಡ್‌ಮೇಲ್ ಆಜ್ಞೆಯ ಬಿವಿ ಆಯ್ಕೆ ಪತ್ರವನ್ನು ಯಾರಿಗೂ ತಲುಪಿಸದೆ ಅದು ಯಾವ ದಾರಿ ಹಿಡಿಯುತ್ತಿತ್ತು ಎಂಬ ವರದಿಯನ್ನು ನಿಮಗೆ ಕಳುಹಿಸುತ್ತದೆ. ನಂತರ ಎರಡು ಉಪಡೊಮೇನ್‌ಗಳಲ್ಲೂ ‘ಪರೀಕ್ಷೆ’ ಎಂಬ ಒಂದೇ ಹೆಸರಿನ ಪಟ್ಟಿ ಮಾಡಿ, ಒಂದಕ್ಕೆ ನಿಮ್ಮ ವಿಳಾಸವನ್ನೂ ಇನ್ನೊಂದಕ್ಕೆ ಸಹೋದ್ಯೋಗಿಯ ವಿಳಾಸವನ್ನೂ ಸೇರಿಸಿ, ಹೊರಗಿನ ಖಾತೆಯಿಂದ ಎರಡಕ್ಕೂ ಬರೆಯಿರಿ. ಇಬ್ಬರಿಗೂ ಅವರವರದೇ ಬಂದರೆ ಸದಸ್ಯರ ಹೆಸರುಗಳನ್ನು ಇನ್‌ಕ್ಲೂಡ್ ಕಡತಗಳಿಂದ ಹೊಸ ಪಟ್ಟಿಗಳಿಗೆ ಸಾಗಿಸಿ, ವರ್ಚುವಲ್ ಸಾಲುಗಳನ್ನು ತಿರುಗಿಸಿ. ಅಲಿಯಾಸ್ ಕಡತದ ಆ ಎರಡು ಹಳೆಯ ಸಾಲುಗಳನ್ನು ಎರಡು ವಾರ ಲಾಗ್ ನೋಡಿದ ಮೇಲೆ, ಯಾರೂ ಅವನ್ನು ತಟ್ಟುತ್ತಿಲ್ಲವೆಂದು ಖಾತ್ರಿಯಾದಾಗ ಅಳಿಸಬಹುದು.